ಸಾವಿನ ಮನೆಯಲ್ಲಿ ಶುಭಾಶಯ ಹೇಳುವುದಿಲ್ಲ

ಅನುವಾದದ ಕೆಲಸದಲ್ಲಿ ಆಮೇಲೆ ನೆನೆಸಿಕೊಂಡು ನಾಚಿಕೆಪಡುವಂಥ ತಪ್ಪುಗಳು ಕಷ್ಟದ ಪದಗಳಲ್ಲಿ ಆಗುವುದು ಕಡಿಮೆ. ಕಷ್ಟದ ಪದ ಬಂದರೆ ನಿಘಂಟು ತೆಗೆಯುತ್ತೇವೆ, ಬಲ್ಲವರಿಗೆ ಫೋನ್ ಮಾಡುತ್ತೇವೆ, ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡುತ್ತೇವೆ. ತಪ್ಪಾಗುವುದು ಗೊತ್ತಿದೆ ಅಂದುಕೊಂಡ ಪದಗಳಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಕೆಲಸ ಒಪ್ಪಿಕೊಂಡಿದ್ದೆ. ವರ್ಷದ ಹಬ್ಬಗಳಿಗೆಲ್ಲ ಗ್ರಾಹಕರ ಮೊಬೈಲಿಗೆ ಹೋಗುವ ಶುಭಾಶಯಗಳನ್ನು ಕನ್ನಡಕ್ಕೆ ತರಬೇಕು. ಒಂದು ಎಕ್ಸೆಲ್ ಹಾಳೆ, ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಕಾಲಂ, ಪದಕ್ಕಿಷ್ಟು ಎಂದು ದುಡ್ಡು. ಸಂಕ್ರಾಂತಿ, ಶಿವರಾತ್ರಿ, ಹೋಳಿ, ಯುಗಾದಿ ಮುಗಿಸಿ ಗುಡ್ ಫ್ರೈಡೇ ಸಾಲಿಗೆ ಬಂದೆ. ‘ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು’ ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಹತ್ತು ಸೆಕೆಂಡೂ ಹಿಡಿದಿರಲಿಕ್ಕಿಲ್ಲ. ತಿದ್ದಿ ನೋಡುವವರೂ ಏನೂ ಅನ್ನಲಿಲ್ಲ. ದುಡ್ಡು ಬಂತು, ಮರೆತೂ ಹೋಯಿತು.

ಪುಣೆಯಲ್ಲಿ ನಾನಿರುವ ಕಟ್ಟಡದಲ್ಲಿ, ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ, ಮಂಗಳೂರಿನ ಕಡೆಯ ಕ್ಯಾಥೊಲಿಕ್ ಆಂಟಿ ಒಬ್ಬರಿದ್ದಾರೆ. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷ್, ತರಕಾರಿಯವನ ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ. ಹೊರನಾಡಿನಲ್ಲಿರುವ ನಿಮಗೆಲ್ಲ ಇಂಥ ನೆರೆಯವರು ಗೊತ್ತಿರುತ್ತಾರೆ. ಊರಿನಲ್ಲಿದ್ದಿದ್ದರೆ ನಾವು ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದೆವೋ ಇಲ್ಲವೋ, ಇಲ್ಲಿ ಮಾತ್ರ ಕನ್ನಡ ಒಂದೇ ಸಾಕಾಗಿ ಹತ್ತಿರದವರಾಗಿಬಿಟ್ಟಿದ್ದೇವೆ. ಆ ವರ್ಷ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ರಜೆಯ ದಿನ ಅಂತ ಕಾಯಿಹೋಳಿಗೆ ಮಾಡಿದರು. ಬಿಸಿಯಾಗಿರುವಾಗಲೇ ಕೊಟ್ಟು ಬರೋಣ ಎಂದು ಇಬ್ಬರೂ ಡಬ್ಬಿ ಹಿಡಿದು ಕೆಳಗೆ ಹೋದೆವು. ಅವತ್ತು ಗುಡ್ ಫ್ರೈಡೇ. ‘ನಿಮ್ಮ ಹಬ್ಬ ಅಲ್ವಾ ಆಂಟಿ, ಸಿಹಿ ತಂದಿದೀವಿ’ ಅಂದೆ.

ಆಂಟಿ ಡಬ್ಬಿ ತೆಗೆದುಕೊಂಡರು, ಆದರೆ ಮುಚ್ಚಳ ತೆಗೆಯಲಿಲ್ಲ. ‘ಇವತ್ತು ಸಿಹಿ ಬೇಡ ಮಗಾ. ಇವತ್ತು ನಮ್ಮಲ್ಲಿ ಮರಣ ಅಲ್ಲವಾ. ಆದಿತ್ಯವಾರ ತಿನ್ನುವ’ ಅಂದರು.

ಅಮ್ಮನಿಗೆ ಕೇಳಿಸಿದ್ದು ‘ಮರಣ’ ಅನ್ನುವುದೊಂದೇ. ಗಾಬರಿಯಿಂದ ‘ಅಯ್ಯೋ, ಯಾರು?’ ಅಂದರು. ಆಂಟಿ ಗೋಡೆಯ ಮೇಲಿನ ಶಿಲುಬೆಯ ಕಡೆ ಕೈ ತೋರಿಸಿದರು. ನಗಲಿಲ್ಲ. ಅಮ್ಮನೂ ನಗಲಿಲ್ಲ. ಒಂದು ನಿಮಿಷ ಸುಮ್ಮನೆ ನಿಂತು, ‘ಬರ್ತೀವಿ’ ಅನ್ನದೆ ತಿರುಗಿ ಮೆಟ್ಟಿಲು ಹತ್ತಿದರು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನುವುದಿಲ್ಲ. ಚರ್ಚಿನ ಒಳಗೆ ಒಂದು ದಿನವೂ ಕಾಲಿಡದ ಅಮ್ಮನಿಗೆ ಅರ್ಧ ನಿಮಿಷದಲ್ಲಿ ತಿಳಿದದ್ದು ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ತಿಳಿದಿರಲಿಲ್ಲ.

ಅದೇ ಹೊತ್ತಿಗೆ ಆಂಟಿಯ ಫೋನಿಗೆ ಯಾವುದೋ ಅಂಗಡಿಯ ಮೆಸೇಜು ಬಂದಿತ್ತು: ಶಿಲುಬೆ, ಸುತ್ತ ಗುಲಾಬಿ, ಕೆಳಗೆ ಹ್ಯಾಪಿ ಗುಡ್ ಫ್ರೈಡೇ. ಆ ಮೆಸೇಜು ನಾನು ಬರೆದದ್ದಲ್ಲ. ಆದರೆ ಅಂಥದ್ದೇ ಒಂದನ್ನು ಬರೆದು ದುಡ್ಡು ತೆಗೆದುಕೊಂಡಿದ್ದೆ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಚಿಕ್ಕದು: ಕನ್ನಡದಲ್ಲಿ ಈ ದಿನಕ್ಕೆ ‘ಶುಭ ಶುಕ್ರವಾರ’ ಅನ್ನುವುದನ್ನು ಬಿಡೋಣ, ಈ ದಿನ ಶುಭಾಶಯ ಕಳಿಸುವುದನ್ನಂತೂ ನಿಲ್ಲಿಸೋಣ. ಚಿಕ್ಕ ಮಾತಾದರೂ ಅದರ ಹಿಂದೆ ಇನ್ನೊಂದು ದೊಡ್ಡ ಮಾತಿದೆ. ಬೇರೆಯವರ ಸಂತೋಷದಲ್ಲಿ ಪಾಲುಗೊಳ್ಳುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಬೇರೆಯವರ ದುಃಖದ ಎದುರು ಹೇಗೆ ನಿಲ್ಲಬೇಕು ಅನ್ನುವುದನ್ನು ಮರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಷಯ. ಇಂಗ್ಲಿಷಿನ ‘ಗುಡ್’ ಇಲ್ಲಿ ‘ಒಳ್ಳೆಯ’ ಎಂಬ ಅರ್ಥದಲ್ಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಚರ್ಚು ಪವಿತ್ರವೆಂದು ಆಚರಿಸುವ ದಿನಗಳಿಗೆ ಈ ವಿಶೇಷಣ ಬಳಸುತ್ತಿದ್ದರು. ಬೈಬಲಿಗೆ ‘ಗುಡ್ ಬುಕ್’ ಅನ್ನುವುದರಲ್ಲೂ ಅದೇ ಅರ್ಥ ಉಳಿದಿದೆ. 13ನೇ ಶತಮಾನದ ಕೊನೆಯ ಇಂಗ್ಲಿಷ್ ಬರಹದಲ್ಲೇ ಈ ದಿನಕ್ಕೆ ಆ ಹೆಸರು ಸಿಗುತ್ತದೆ. ಇದು ಮೊದಲು ‘ಗಾಡ್ಸ್ ಫ್ರೈಡೇ’ ಆಗಿತ್ತು, ಆಮೇಲೆ ಸವೆದು ‘ಗುಡ್’ ಆಯಿತು ಎನ್ನುವ ಕಥೆಯೊಂದು ಚಾಲ್ತಿಯಲ್ಲಿದೆ. ಅದಕ್ಕೆ ಆಧಾರವಿಲ್ಲ. ‘ಗುಡ್‌ಬೈ’ ಎಂಬ ಪದ ಮಾತ್ರ ನಿಜವಾಗಿಯೂ ‘ದೇವರು ನಿನ್ನ ಜೊತೆಗಿರಲಿ’ ಎಂಬ ಮಾತಿನಿಂದ ಸವೆದು ಬಂದದ್ದು. ಹಾಗಾಗಿ ಜನ ಇದನ್ನೂ ಅದರ ಜೊತೆ ಸೇರಿಸಿದ್ದಾರೆ.

ಇಂಗ್ಲಿಷರೇ ಅದಕ್ಕೂ ಮೊದಲು ಇದನ್ನು ‘ಉದ್ದ ಶುಕ್ರವಾರ’ ಎನ್ನುತ್ತಿದ್ದರು. ಡೇನಿಶ್, ಸ್ವೀಡಿಶ್ ಭಾಷೆಗಳಲ್ಲಿ ಇವತ್ತಿಗೂ ಉದ್ದ ಶುಕ್ರವಾರವೇ. ಉಪವಾಸ, ದೀರ್ಘ ಪ್ರಾರ್ಥನೆ, ಕಳೆಯಲಾರದ ಹೊತ್ತು. ಮನೆಯಲ್ಲಿ ಸಾವು ಕಂಡವರಿಗೆ ಆ ದಿನ ಎಷ್ಟು ಉದ್ದ ಅನ್ನುವುದು ಗೊತ್ತಿರುತ್ತದೆ. ಜರ್ಮನ್ನರು ‘ಕಾರ್‌ಫ್ರೈಟಾಗ್’ ಅನ್ನುತ್ತಾರೆ. ಆ ‘ಕಾರ್’ ಹಳೆಯ ಜರ್ಮನ್ನಿನ ‘ಕಾರ’, ಅಂದರೆ ಗೋಳು, ಪ್ರಲಾಪ. ಫ್ರೆಂಚ್, ಸ್ಪ್ಯಾನಿಶ್‌ಗಳಲ್ಲಿ ‘ಪವಿತ್ರ ಶುಕ್ರವಾರ’. ಗ್ರೀಕ್, ಪೋಲಿಶ್, ಹಂಗೇರಿಯನ್‌ಗಳಲ್ಲಿ ‘ದೊಡ್ಡ ಶುಕ್ರವಾರ’. ನಮ್ಮ ನೆರೆಯ ತಮಿಳಿನಲ್ಲೂ ‘ಪೆರಿಯ ವೆಳ್ಳಿ’, ದೊಡ್ಡ ಶುಕ್ರವಾರವೇ. ‘ಪುನಿತ ವೆಳ್ಳಿ’ ಅಂತಲೂ ಇದೆ. ಮಲಯಾಳದವರಂತೂ ಸುತ್ತು ಬಳಸಿಲ್ಲ, ‘ದುಃಖವೆಳ್ಳಿ’ ಎಂದುಬಿಟ್ಟಿದ್ದಾರೆ. ಚೆನ್ನೈ, ಮುಂಬೈಗಳಲ್ಲಿರುವ ನಿಮ್ಮಲ್ಲಿ ಕೆಲವರು ಈ ಪದಗಳನ್ನು ಸಹೋದ್ಯೋಗಿಗಳ ಬಾಯಲ್ಲಿ ಕೇಳಿರುತ್ತೀರಿ.

ಮನೆಯಲ್ಲಿ ಕಾರ್‌ಫ್ರೈಟಾಗ್ ಎನ್ನುತ್ತಿದ್ದ ಬಾಸೆಲ್ ಮಿಶನ್ನಿನವರು 1834ರಲ್ಲೇ ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಆದರೂ ಇವತ್ತು ನಮ್ಮ ಪತ್ರಿಕೆಗಳಲ್ಲಿ ನಿಂತಿರುವುದು ಇಂಗ್ಲಿಷಿನಿಂದ ಬಂದ ಹೆಸರು. ಒಂದೋ ‘ಗುಡ್ ಫ್ರೈಡೇ’, ಇಲ್ಲವೇ ಅದರ ಪದಶಃ ಅನುವಾದವಾದ ‘ಶುಭ ಶುಕ್ರವಾರ’.

ಪದಶಃ ಅನುವಾದ ಎಲ್ಲ ಸಲವೂ ಕೆಟ್ಟದ್ದಲ್ಲ. ಇಲ್ಲಿ ತೊಂದರೆಯಾಗಿರುವುದು ‘ಶುಭ’ದಿಂದ. ಸಂಸ್ಕೃತದಲ್ಲಿ ಅದಕ್ಕೆ ಹೊಳೆಯುವುದು, ಚೆಂದವಾಗಿರುವುದು ಎಂಬ ಅರ್ಥಗಳೂ ಇವೆ. ಕನ್ನಡದಲ್ಲಿ ನಾವು ಬಳಸುವ ಶುಭಕ್ಕೆ ಎದುರಾಗಿ ಅಶುಭವಿದೆ, ಮತ್ತು ಅಶುಭ ಅಂದಕೂಡಲೇ ಮೊದಲು ಹೊಳೆಯುವುದು ಸಾವು. ನಮ್ಮ ಮನೆಗಳಲ್ಲಿ ಸಾವಾದ ಹದಿಮೂರನೇ ದಿನ ಮಾಡುವ ಕ್ರಿಯೆಗೆ ‘ಶುಭಸ್ವೀಕಾರ’ ಎನ್ನುತ್ತೇವೆ. ಹನ್ನೆರಡು ದಿನ ಹೊರಗೆ ನಿಂತಿದ್ದ ಶುಭವನ್ನು ಅವತ್ತು ಮತ್ತೆ ಒಳಗೆ ಕರೆಯುವುದು. ಅಂದರೆ ಶುಭಕ್ಕೂ ಸಾವಿಗೂ ನಡುವೆ ನಮ್ಮ ಭಾಷೆಯೇ ದಿನಗಳ ಲೆಕ್ಕದಲ್ಲಿ ಒಂದು ದೂರ ಇಟ್ಟಿದೆ. ಹಾಗಿರುವಾಗ ಒಬ್ಬರನ್ನು ಕೊಂದ ದಿನವನ್ನೇ ಶುಭ ಎಂದು ಕರೆದರೆ ಕನ್ನಡದ ಕಿವಿಗೆ ಎರಡೇ ದಾರಿ: ಒಂದೋ ಅದು ಗೊಂದಲಪಡಬೇಕು, ಇಲ್ಲವೇ ಸಾವನ್ನು ಮರೆತು ಶುಭವನ್ನಷ್ಟೇ ಕೇಳಿಸಿಕೊಳ್ಳಬೇಕು. ನಾನು ಎಕ್ಸೆಲ್ ಹಾಳೆಯಲ್ಲಿ ಮಾಡಿದ್ದು ಎರಡನೆಯದನ್ನು.

ಮಾರನೇ ವರ್ಷ ಆಂಟಿಯನ್ನು ಕೇಳಿಕೊಂಡು ಅವರ ಜೊತೆ ಚರ್ಚಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಏಪ್ರಿಲ್ಲಿನ ಬಿಸಿಲು. ಜನ ಕಿಕ್ಕಿರಿದಿದ್ದರು, ಬಹಳ ಮಂದಿ ಬಿಳಿ ಅಥವಾ ಕಪ್ಪು ಬಟ್ಟೆಯಲ್ಲಿದ್ದರು. ಮೊದಲು ಗಮನಕ್ಕೆ ಬಂದದ್ದು ಇಲ್ಲದ ವಸ್ತುಗಳು. ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಮೇಣದಬತ್ತಿಯಿಲ್ಲ, ಹೂವಿಲ್ಲ. ಗಂಟೆ ಬಾರಿಸುವುದಿಲ್ಲ, ಗುರುವಾರ ಸಂಜೆಯ ಪೂಜೆಯಲ್ಲಿ ನಿಂತ ಗಂಟೆ ಮತ್ತೆ ಕೇಳುವುದು ಶನಿವಾರ ರಾತ್ರಿಯ ಜಾಗರಣೆಯಲ್ಲಿ. ಅಲ್ಲಿಯತನಕ ಬೇಕಾದರೆ ಮರದ ಹಲಗೆಯ ಟಕಟಕ. ಕ್ಯಾಥೊಲಿಕರಲ್ಲಿ ವರ್ಷದ ಬೇರೆ ಯಾವ ಶುಕ್ರವಾರವಾದರೂ ಬಲಿಪೂಜೆ ಇರಬಹುದು, ಇವತ್ತು ಇಲ್ಲ. ಹಿಂದಿನ ದಿನ ಎತ್ತಿಟ್ಟ ಪರಮಪ್ರಸಾದವನ್ನೇ ಹಂಚುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನನಗೆ ಅದೇ ನೆನಪಾಯಿತು. ಧರ್ಮಶಾಸ್ತ್ರ ಬಲ್ಲವರು ಇದಕ್ಕೆ ಬೇರೆಯೇ ಕಾರಣ ಕೊಡುತ್ತಾರೆ. ನಾನು ಹೇಳುತ್ತಿರುವುದು ಹೊರಗಿನವರೊಬ್ಬರಿಗೆ ಅನ್ನಿಸಿದ್ದು.

ಪಾದ್ರಿಗಳು ಹಾಡಿಲ್ಲದೆ ಒಳಗೆ ಬಂದು ಬಲಿಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗಿದರು. ಇಡೀ ಚರ್ಚು ಮಂಡಿಯೂರಿತು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಯೊವಾನ್ನನ ಶುಭಸಂದೇಶದ 18 ಮತ್ತು 19ನೇ ಅಧ್ಯಾಯಗಳ ಓದು: ಬಂಧನ, ವಿಚಾರಣೆ, ಶಿಲುಬೆ, ಸಮಾಧಿ. ಪಾತ್ರಗಳನ್ನು ಹಂಚಿಕೊಂಡು ಓದುತ್ತಾರೆ. ಯೇಸುವಿನ ಮಾತು ಪಾದ್ರಿಗಳದು, ನಿರೂಪಣೆ ಇನ್ನೊಬ್ಬರದು. ಅವನನ್ನು ಶಿಲುಬೆಗೆ ಹಾಕಿ ಎಂದು ಕೂಗುವ ಗುಂಪಿನ ಮಾತು ಯಾರದು ಗೊತ್ತೆ? ಬೆಂಚಿನ ಮೇಲೆ ಕುಳಿತವರದು. ಆಂಟಿಯೂ ಆ ಮಾತು ಹೇಳಿದರು, ಎಲ್ಲರ ಜೊತೆ, ಸಣ್ಣ ದನಿಯಲ್ಲಿ. ಶೋಕಕ್ಕೆ ಬಂದವರ ಬಾಯಲ್ಲೇ ಕೊಲ್ಲಿಸಿದವರ ಮಾತು. ಸಾವು ನಡೆದ ಘಟ್ಟಕ್ಕೆ ಬಂದಾಗ ಓದು ನಿಂತಿತು. ಎಲ್ಲರೂ ಮಂಡಿಯೂರಿದರು. ಆಮೇಲೆ ಚರ್ಚು, ಬೇರೆ ಧರ್ಮದವರು, ದೇವರನ್ನು ನಂಬದವರು, ಆಳುವವರು, ಕಷ್ಟದಲ್ಲಿರುವವರು ಹೀಗೆ ಹತ್ತು ಪ್ರಾರ್ಥನೆಗಳು. ಆಮೇಲೆ ಶಿಲುಬೆಗೆ ನಮಸ್ಕಾರ. ಸಾಲು ನಿಂತು ಒಬ್ಬೊಬ್ಬರೇ ಹೋಗಿ ಮುತ್ತಿಡುತ್ತಾರೆ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಆಫೀಸಿನ ಐಡಿ ಕಾರ್ಡು ಜೇಬಿಗೆ ತುರುಕಿಕೊಂಡ ಹುಡುಗರು. ಒಂದು ಗಂಟೆಗೂ ಮೀರಿ ಆ ಸಾಲು ಸರಿಯಿತು.

ಎಲ್ಲ ಕ್ರೈಸ್ತರೂ ಹೀಗೆಯೇ ಆಚರಿಸುತ್ತಾರೆ ಅಂತಲ್ಲ. ಸಿಎಸ್‌ಐ ಮೊದಲಾದ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಹನ್ನೆರಡರಿಂದ ಮೂರರವರೆಗೆ, ಭೂಮಿಯ ಮೇಲೆ ಕತ್ತಲು ಕವಿಯಿತೆಂದು ಶುಭಸಂದೇಶಗಳು ಹೇಳುವ ಆ ಮೂರು ಗಂಟೆಗಳ ಹೊತ್ತು, ಶಿಲುಬೆಯ ಮೇಲಿನ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತಾರೆ. ಈ ಪದ್ಧತಿಯನ್ನು 17ನೇ ಶತಮಾನದಲ್ಲಿ ಶುರುಮಾಡಿದವರು ಪೆರು ದೇಶದ ಲಿಮಾ ನಗರದ ಜೆಸ್ವಿಟ್ ಪಾದ್ರಿಗಳು. ಈಗ ಅದನ್ನು ಹೆಚ್ಚು ನಿಷ್ಠೆಯಿಂದ ಉಳಿಸಿಕೊಂಡವರಲ್ಲಿ ಪ್ರಾಟೆಸ್ಟೆಂಟರೂ ಸೇರಿದ್ದಾರೆ. ಕೇರಳದ ಸುರಿಯಾನಿ ಚರ್ಚುಗಳಲ್ಲಿ ಪ್ರಾರ್ಥನೆ ದಿನದ ಬಹುಭಾಗ ನಡೆಯುತ್ತದೆ. ಮುಗಿದ ಮೇಲೆ ಒಂದು ಗುಟುಕು ಕಹಿ ಕುಡಿಯುತ್ತಾರೆ, ಹಾಗಲಕಾಯಿ ರಸವೋ ವಿನೆಗರ್ ಬೆರೆಸಿದ್ದೋ. ಶಿಲುಬೆಯ ಬಳಿ ಯೇಸುವಿಗೆ ಕೊಟ್ಟ ಕಹಿ, ಹುಳಿಯ ನೆನಪಿಗೆ. ಆಮೇಲೆ ಗಂಜಿ ಮತ್ತು ಹೆಸರುಕಾಳು. ಗೋವಾದಲ್ಲಿ ಶಿಲುಬೆಯಿಂದ ಇಳಿಸಿದ ಯೇಸುವಿನ ಪ್ರತಿಮೆಯನ್ನು ಹೆಣ ಹೊತ್ತಂತೆ ಹೊತ್ತು ಮೆರವಣಿಗೆ ಹೋಗುತ್ತಾರೆ, ಹಿಂದೆ ತಾಯಿಯ ಪ್ರತಿಮೆ. ಕ್ಯಾಥೊಲಿಕರಲ್ಲಿ 18 ತುಂಬಿ 59 ತುಂಬದವರಿಗೆ ಅವತ್ತು ಒಂದೇ ಹೊತ್ತಿನ ಪೂರ್ತಿ ಊಟ, ಮಾಂಸ ಇಲ್ಲ. ವಿವರ ಬೇರೆ ಬೇರೆ, ಆದರೆ ಎಲ್ಲದರ ಬುಡದಲ್ಲಿರುವುದು ಒಂದೇ: ಎರಡು ಸಾವಿರ ವರ್ಷದ ಹಿಂದಿನ ಸಾವನ್ನು ಇವತ್ತು ನಮ್ಮ ಮನೆಯಲ್ಲೇ ನಡೆದಂತೆ ಮೈಯಿಂದ, ನಾಲಿಗೆಯಿಂದ, ಮೌನದಿಂದ ಅನುಭವಿಸುವುದು.

ಇನ್ನು ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳು. ಮೊದಲನೆಯದನ್ನು ಒಬ್ಬ ಕ್ರೈಸ್ತ ಗೆಳೆಯನೇ ಎತ್ತಿದ. ‘ನಮಗೆ ಆ ದಿನ ಒಳ್ಳೆಯದೇ ಕಣೋ. ಆ ಸಾವಿನಿಂದಲೇ ಬಿಡುಗಡೆ ಅಂತ ನಂಬ್ತೀವಿ. ಭಾನುವಾರ ಗೊತ್ತಿದ್ದೇ ಶುಕ್ರವಾರ ಅಳ್ತೀವಿ. ಶುಭ ಅಂದ್ರೆ ತಪ್ಪೇನು?’ ಅವನ ಮಾತಿನಲ್ಲಿ ಹುರುಳಿದೆ. ಕನ್ನಡ ಕ್ಯಾಥೊಲಿಕರು ಯೇಸುವಿನ ಕಥೆಯನ್ನೇ ‘ಶುಭಸಂದೇಶ’ ಎನ್ನುತ್ತಾರೆ. ಆ ಸಂದೇಶದಲ್ಲಿ ಈ ಸಾವೂ ಸೇರಿದೆ. ಅವರ ದೇವರ ಮನೆಯಲ್ಲಿ ಅವರು ಯಾವ ಪದ ಬಳಸಬೇಕು ಎಂದು ಹೇಳುವುದಕ್ಕೆ ನಾನು ಯಾರೂ ಅಲ್ಲ.

ಆದರೆ ಒಳಗಿನವರು ಹೇಳುವ ಶುಭ ಬೇರೆ, ಹೊರಗಿನವರು ಹೇಳುವ ಶುಭ ಬೇರೆ. ನಿಮ್ಮ ಅಜ್ಜ ತೊಂಬತ್ತೈದಕ್ಕೆ ನಿದ್ದೆಯಲ್ಲೇ ಹೋದರು ಅಂದುಕೊಳ್ಳಿ. ‘ಪುಣ್ಯದ ಸಾವು’ ಎಂದು ಮನೆಯವರು ಹೇಳಬಹುದು. ನೋಡಲು ಬಂದ ನೆರೆಯವರು ಬಾಗಿಲಲ್ಲೇ ನಿಂತು ‘ಒಳ್ಳೆಯದಾಯಿತು’ ಅಂದರೆ ಹೇಗಿರುತ್ತದೆ? ಆ ಸಾವಿನಲ್ಲಿ ಒಳ್ಳೆಯದನ್ನು ಕಾಣುವ ಹಕ್ಕು ಅಳುವವರದು. ನೋಡಲು ಬಂದವರದು ಸುಮ್ಮನೆ ಕುಳಿತುಕೊಳ್ಳುವ ಕೆಲಸ. ‘ಭಾನುವಾರ ಗೊತ್ತಿದ್ದೇ ಅಳ್ತೀವಿ’ ಎಂದು ಗೆಳೆಯ ಹೇಳಿದ್ದರಲ್ಲಿ ನನಗೆ ಮುಖ್ಯವಾಗಿ ಕೇಳಿಸಿದ್ದು ‘ಅಳ್ತೀವಿ’ ಅನ್ನುವುದು. ಭಾನುವಾರ ಬಂದೇ ಬರುತ್ತದೆ ಎಂದು ಅವರು ಶುಕ್ರವಾರವನ್ನು ಹಾರಿಸಿಬಿಡುವುದಿಲ್ಲ. ಶುಭಾಶಯ ಕಳಿಸುವ ನಾವು ಹಾರಿಸಿಬಿಡುತ್ತೇವೆ.

ಎರಡನೆಯ ಆಕ್ಷೇಪ: ಒಂದು ಪದಕ್ಕೆ ಇಷ್ಟೆಲ್ಲ ಯಾಕೆ? ಕಳಿಸುವವರ ಮನಸ್ಸು ಒಳ್ಳೆಯದಲ್ಲವೇ? ಇದಕ್ಕೆ ಇದೇ ದಿನದ ಚರಿತ್ರೆಯಲ್ಲೇ ಉತ್ತರವಿದೆ, ಮತ್ತು ಅದು ಕ್ರೈಸ್ತರಿಗೇ ಕಷ್ಟವಾದ ಉತ್ತರ. ಮೇಲೆ ಹೇಳಿದ ಪ್ರಾರ್ಥನೆಗಳ ಸಾಲಿನಲ್ಲಿ ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಯೂ ಒಂದು. ಶತಮಾನಗಳ ಕಾಲ ಅದರ ಲ್ಯಾಟಿನ್ ಪಾಠದಲ್ಲಿ ಯೆಹೂದ್ಯರಿಗೆ ‘ಪೆರ್ಫಿದಿಸ್’ ಎಂಬ ವಿಶೇಷಣವಿತ್ತು. ಚರ್ಚಿನ ಲ್ಯಾಟಿನ್ನಿನಲ್ಲಿ ಅದಕ್ಕೆ ‘ನಂಬದವರು’ ಎಂದಷ್ಟೇ ಅರ್ಥ ಎಂದು ವಿದ್ವಾಂಸರು ವಾದಿಸಿದರು. ಆದರೆ ಜನರ ಭಾಷೆಗಳಿಗೆ ಬಂದಾಗ ಅದು ‘ದ್ರೋಹಿಗಳು’ ಎಂದು ಕೇಳಿಸಿತು. ಬೇರೆ ಪ್ರಾರ್ಥನೆಗಳಿಗೆ ಮಂಡಿಯೂರುತ್ತಿದ್ದ ಜನ ಅದೊಂದಕ್ಕೆ ಊರುತ್ತಿರಲಿಲ್ಲ. ಶಿಲುಬೆಗೆ ಹಾಕುವುದು ರೋಮನ್ನರ ಶಿಕ್ಷೆ, ಆಜ್ಞೆ ಕೊಟ್ಟವನು ರೋಮನ್ ಅಧಿಕಾರಿ ಪಿಲಾತ. ಹಾಗಿದ್ದೂ ಆ ಸಾವಿನ ಹೊಣೆಯನ್ನು ಒಂದು ಇಡೀ ಜನಾಂಗದ ತಲೆಗೆ ಕಟ್ಟಲಾಯಿತು. 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಈಸ್ಟರಿಗೆ ಮುಂಚಿನ ದಿನಗಳಲ್ಲಿ ಯೆಹೂದ್ಯರು ಹೊರಗೆ ಕಾಣಿಸಿಕೊಳ್ಳಬಾರದೆಂದು ನಿಯಮ ಮಾಡಿತು. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತರು ಅಳುವ ವಾರ ಯೆಹೂದ್ಯರಿಗೆ ಭಯದ ವಾರವಾಗಿತ್ತು.

1955ರಲ್ಲಿ ಆ ಪ್ರಾರ್ಥನೆಗೂ ಮಂಡಿಯೂರುವುದು ಮರಳಿ ಬಂತು. 1959ರಲ್ಲಿ ಪೋಪ್ 23ನೇ ಜಾನ್ ಆ ಪದವನ್ನು ತೆಗೆಸಿದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಯೇಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನ ಯೆಹೂದ್ಯರ ಮೇಲಾಗಲಿ ಹೊರಿಸಬಾರದೆಂದು ಹೇಳಿತು. 1970ರಲ್ಲಿ ಪ್ರಾರ್ಥನೆಯನ್ನೇ ಹೊಸದಾಗಿ ಬರೆದರು. ಒಂದು ಪದ ಹೋಗಲು ಅಷ್ಟು ಶತಮಾನ ಹಿಡಿಯಿತು. ಅದನ್ನು ತೆಗೆದರೆ ಏನು ಮಹಾ ಎಂದು ಆಗಲೂ ಕೇಳಿದವರಿರಬಹುದು. ಇವತ್ತು ಬೆಂಚಿನ ಮೇಲೆ ಕುಳಿತವರೇ ಗುಂಪಿನ ಮಾತು ಹೇಳುವುದನ್ನು ಕೇಳಿದಾಗ ಆ ಬದಲಾವಣೆಯ ಬೆಲೆ ನನಗೆ ತಿಳಿಯಿತು. ‘ಅವರು ಕೊಂದರು’ ಎನ್ನುವ ಶೋಕಕ್ಕೂ ‘ಇದರಲ್ಲಿ ನಾನೂ ಇದ್ದೇನೆ’ ಎನ್ನುವ ಶೋಕಕ್ಕೂ ಇರುವ ದೂರ ಅದು. ಸಾವಿನ ದಿನ ಬಳಸುವ ಪದಗಳು ಹಗುರವಲ್ಲ.

‘ಶುಭಾಶಯ’ಕ್ಕೆ ಅಂಥ ಕ್ರೌರ್ಯವಿಲ್ಲ, ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಮರೆವಿಗೂ ಒಂದು ಬೆಲೆ ಇದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕ್ರೈಸ್ತರು ನೂರಕ್ಕೆ 2.3ರಷ್ಟು. ಅಷ್ಟು ಸಣ್ಣ ಸಂಖ್ಯೆಯವರ ಬಗ್ಗೆ ಉಳಿದವರಿಗೆ ತಿಳಿದಿರುವುದು ಸಾಮಾನ್ಯವಾಗಿ ಎರಡು: ಡಿಸೆಂಬರಿನ ಕೇಕು ಮತ್ತು ಏಪ್ರಿಲ್ಲಿನ ಉದ್ದ ವಾರಾಂತ್ಯ. ಹೀಗಾಗಿ ಒಬ್ಬರ ಸಾವಿನ ದಿನ ಇನ್ನೊಬ್ಬರ ಲೊನಾವಳಾ ಪ್ರವಾಸವಾಗುತ್ತದೆ. ಪ್ರವಾಸ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಹೋಗಿದ್ದೇನೆ. ಯಾವ ದಿನದ ರಜೆ ಎಂದು ತಿಳಿದು ಹೋಗೋಣ ಅನ್ನುತ್ತೇನೆ ಅಷ್ಟೆ.

2015ರಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನವನ್ನು ಗುಡ್ ಫ್ರೈಡೇಯ ವಾರಾಂತ್ಯದಲ್ಲೇ ದೆಹಲಿಯಲ್ಲಿ ಇಟ್ಟಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅದಕ್ಕೆ ಆಕ್ಷೇಪಿಸಿ ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರಿಗೆ ಪತ್ರ ಬರೆದರು. ಅದು ಕುಟುಂಬದ ಜೊತೆ ಪ್ರಾರ್ಥನೆಯಲ್ಲಿರುವ ಹೊತ್ತು ಎಂಬುದು ಅವರ ಅಳಲು. ಸಮ್ಮೇಳನ ನಡೆಯಿತು. ದತ್ತು ಅವರು ನಮ್ಮ ಚಿಕ್ಕಮಗಳೂರಿನವರು. ಅವರಿಗೂ ಅವರದೇ ಕಾರಣಗಳಿದ್ದವು, ಎಲ್ಲ ನ್ಯಾಯಮೂರ್ತಿಗಳಿಗೂ ಬಿಡುವಾಗುವುದು ರಜೆಯ ದಿನಗಳಲ್ಲೇ. ಯಾರು ಸರಿ ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಆ ವಿವಾದದ ಮೂಲದಲ್ಲಿ ಇದೇ ಪ್ರಶ್ನೆಯಿತ್ತು: ಈ ರಜೆ ಬರೀ ಬಿಡುವೋ, ಅಥವಾ ಯಾರದೋ ಮನೆಯ ಶೋಕವೋ?

ಇದನ್ನು ಕಾನೂನಿನಿಂದ ತೀರ್ಮಾನಿಸಲು ಹೊರಟ ದೇಶಗಳೂ ಇವೆ. ಐರ್ಲೆಂಡಿನಲ್ಲಿ 1927ರಿಂದ ಗುಡ್ ಫ್ರೈಡೇ ದಿನ ಪಬ್ಬುಗಳು ಮುಚ್ಚಿರಬೇಕಿತ್ತು. ಆ ನಿಯಮ ಹೋದದ್ದು 2018ರಲ್ಲಿ. ಜರ್ಮನಿಯಲ್ಲಿ ಇದು ಕಾನೂನಿನ ಪ್ರಕಾರ ‘ಮೌನದ ರಜಾದಿನ’, ಬಹಳ ರಾಜ್ಯಗಳಲ್ಲಿ ಸಾರ್ವಜನಿಕ ನೃತ್ಯಕ್ಕೆ ನಿಷೇಧ. ಬವೇರಿಯಾದ ಕಾನೂನು ಯಾವ ವಿನಾಯಿತಿಯನ್ನೂ ಕೊಡದಿರುವುದು ತಪ್ಪು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2016ರಲ್ಲಿ ಹೇಳಿತು. ನನಗೆ ಆ ದಾರಿ ಬೇಡ. ಬಲವಂತದ ಮೌನದಿಂದ ಶೋಕಕ್ಕೆ ಗೌರವ ಸಿಗುವುದಿಲ್ಲ. ಬೀದಿಯಲ್ಲಿ ಹೆಣ ಹೋಗುವಾಗ ನಮ್ಮೂರಿನ ಅಂಗಡಿಯವನು ಅರ್ಧ ಬಾಗಿಲು ಎಳೆಯುತ್ತಿದ್ದುದು ಯಾವ ಕಾಯ್ದೆಗೂ ಹೆದರಿ ಅಲ್ಲ.

ಹಾಗೆ ನೋಡಿದರೆ ಇದು ಕ್ರೈಸ್ತರ ವಿಷಯ ಮಾತ್ರವೂ ಅಲ್ಲ. ದೆಹಲಿಯಿಂದ ಹೊರಗಿನ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಕಡ್ಡಾಯವಾದ 14 ರಜೆಗಳ ಪಟ್ಟಿಯಲ್ಲಿ ಗುಡ್ ಫ್ರೈಡೇ ಇದೆ, ಮೊಹರಂ ಕೂಡ ಇದೆ. ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರಿಗಾಗಿ ಶಿಯಾ ಮುಸ್ಲಿಮರು ಎದೆ ಬಡಿದುಕೊಂಡು ಅಳುವ ದಿನಕ್ಕೂ ನಮ್ಮ ಫೋನುಗಳಿಗೆ ‘ಮೊಹರಂ ಹಬ್ಬದ ಶುಭಾಶಯಗಳು’ ಬರುತ್ತವೆ. ತಮಾಷೆಯೆಂದರೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಆಚರಿಸುವವರಲ್ಲಿ ಹಿಂದೂಗಳೂ ಬಹಳ. ಅದನ್ನು ಹಬ್ಬ ಎಂದೇ ಕರೆಯುತ್ತಾರೆ, ಹುಲಿವೇಷ ಹಾಕುತ್ತಾರೆ, ಹೆಜ್ಜೆ ಹಾಕುತ್ತಾರೆ. ಆದರೆ ಅಲ್ಲಿ ಹಾಡುವ ರಿವಾಯತ್ ಪದಗಳು ಕರ್ಬಲಾದ ಗೋಳನ್ನೇ ಕನ್ನಡದಲ್ಲಿ ಹೇಳುತ್ತವೆ. ಕುಣಿಯುವಾಗಲೂ ಯಾರಿಗಾಗಿ ಅನ್ನುವುದು ಗೊತ್ತಿರುತ್ತದೆ. ಅಂದರೆ ತೊಂದರೆ ‘ಹಬ್ಬ’ ಎಂಬ ಪದದಲ್ಲಿ ಇಲ್ಲ. ಎಲ್ಲ ದಿನಗಳನ್ನೂ ಒಂದೇ ಅಚ್ಚಿಗೆ ಹಾಕಿ, ಹೆಸರಷ್ಟೇ ಬದಲಿಸಿ ಕಳಿಸುವ ಆ ಎಕ್ಸೆಲ್ ಹಾಳೆಯಲ್ಲಿದೆ.

ಹಾಗಾದರೆ ಏನು ಮಾಡಬಹುದು? ಕನ್ನಡ ಕ್ರೈಸ್ತರಲ್ಲೇ ‘ಪವಿತ್ರ ಶುಕ್ರವಾರ’ ಎಂಬ ಹೆಸರು ಬಳಕೆಯಲ್ಲಿದೆ. ಇಂಗ್ಲಿಷ್ ಪದದ ನಿಜವಾದ ಅರ್ಥಕ್ಕೂ ಅದು ಹತ್ತಿರ. ಪತ್ರಿಕೆ, ಕ್ಯಾಲೆಂಡರು, ಆ್ಯಪುಗಳಲ್ಲಿ ಕೆಲಸ ಮಾಡುವ ಓದುಗರು ನಿಮ್ಮಲ್ಲಿ ಇದ್ದೀರಿ. ಆ ಪದ ಬಳಸಿ, ಅಥವಾ ಸುಮ್ಮನೆ ‘ಗುಡ್ ಫ್ರೈಡೇ’ ಎಂದೇ ಬಿಡಿ. ಎರವಲು ಪದಕ್ಕೆ ತನ್ನದೇ ಅರ್ಥ ಕಟ್ಟಿಕೊಳ್ಳುವ ಅವಕಾಶವಾದರೂ ಇದೆ, ‘ಶುಭ’ಕ್ಕೆ ಅದಿಲ್ಲ. ಶುಭಾಶಯದ ಸಾಲು ಬಂದರೆ ಖಾಲಿ ಬಿಡಿ, ಯಾಕೆ ಬಿಟ್ಟಿರಿ ಎಂದು ಪಕ್ಕದಲ್ಲಿ ಬರೆಯಿರಿ. ನಾನು ಈಗ ಹಾಗೆ ಮಾಡುತ್ತೇನೆ. ಒಂದು ಸಲ ಕ್ಲೈಂಟು ಒಪ್ಪಿದರು, ಒಂದು ಸಲ ಒಪ್ಪದೆ ಬೇರೆಯವರಿಂದ ಬರೆಸಿಕೊಂಡರು. ನೆರೆಯವರಿಗೆ ಏನಾದರೂ ಹೇಳಲೇಬೇಕು ಅನ್ನಿಸಿದರೆ ‘ಚರ್ಚಿಗೆ ಹೋಗಿಬಂದಿರಾ?’ ಎಂದು ಕೇಳಿದರೆ ಸಾಕು. ಶುಭಾಶಯಕ್ಕೆ ಭಾನುವಾರ ಇದ್ದೇ ಇದೆ. ಅವತ್ತು ಎಷ್ಟು ಬೇಕಾದರೂ ಹೇಳಿ.

ಚರ್ಚಿನಲ್ಲಿ ಅವತ್ತು ಕೊನೆಗೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಪ್ರಸಾದ ಹಂಚಿ, ಒಂದು ಪ್ರಾರ್ಥನೆ ಹೇಳಿ, ಪಾದ್ರಿಗಳು ಶಿಲುಬೆಗೆ ಮಂಡಿಯೂರಿ ಹೊರಟುಹೋದರು. ಕೊನೆಯ ಹಾಡಿಲ್ಲ, ‘ಹೋಗಿಬನ್ನಿ’ ಎಂದು ಕಳಿಸಿಕೊಡುವ ಮಾತಿಲ್ಲ. ಪೂಜೆಯ ವಿಧಿಯೇ ಹಾಗಿದೆಯಂತೆ, ಎಲ್ಲರೂ ಮೌನವಾಗಿ ಚದುರಬೇಕು. ಮುಗಿಯಿತೋ ಇಲ್ಲವೋ ಗೊತ್ತಾಗದೆ ನಾನು ಕುಳಿತೇ ಇದ್ದೆ. ಆಂಟಿ ಎದ್ದು ನನ್ನ ಭುಜ ಮುಟ್ಟಿದರು. ಆಟೋದಲ್ಲೂ ಮಾತಾಡಲಿಲ್ಲ. ಅವರ ಮನೆಯ ಬಾಗಿಲು ಬಂತು. ‘ಬರ್ತೀನಿ ಆಂಟಿ’ ಎನ್ನಲು ಬಾಯಿ ತೆರೆದವನು ಅಮ್ಮನನ್ನು ನೆನೆದು ಸುಮ್ಮನಾದೆ, ಮೆಟ್ಟಿಲು ಹತ್ತಿದೆ.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಆಂಟಿ ನಿಂತಿದ್ದರು, ಕೈಯಲ್ಲಿ ಹಿಂದಿನ ವರ್ಷದ ನಮ್ಮ ಹೋಳಿಗೆ ಡಬ್ಬಿ, ಅದರ ತುಂಬ ಕೇಕು.